ಹಿತ್ತಲಿಗೆ ಬಂದ ದೇಶ

ನಾನು ನೆಲೆಸಿರುವ ಊರಿನಲ್ಲಿ ಗಂಡಹೆಂಡಿರು ವರ್ಷಕ್ಕೊಂದು ಸಂಜೆ ದೇಶವೊಂದನ್ನು ಮನೆಗೆ ಕರೆಯುತ್ತಾರೆ. ಮದುವೆಯಾದ ತಿಥಿ ಮರಳಿ ಬಂದ ದಿನ, ಹಿತ್ತಲ ಬಾಗಿಲಿಗೆ ಹೊಂದಿದ ಕೋಣೆಯನ್ನು ತಮಗೆ ಬೇಕೆನಿಸಿದ ದೇಶದಂತೆ ಸಿಂಗರಿಸಿ, ಆ ದೇಶದ ಅಡುಗೆಯನ್ನು ಎರಡು ತಟ್ಟೆಗಳಿಗೆ ಬಡಿಸಿಕೊಂಡು ಕೂತರೆ, ದೀಪ ಹಚ್ಚುವ ಹೊತ್ತಿಗೆ ಹಿತ್ತಲು ಪಕ್ಕಕ್ಕೆ ಸರಿದು ದೇಶಕ್ಕೆ ಜಾಗ ಬಿಡುತ್ತದೆ. ಎರಡರಲ್ಲಿ ಒಂದು ತಟ್ಟೆಯ ಊಟವಾದರೂ ಬಿಸಿಯಾಗಿರುವ ತನಕ ದೇಶ ಇರುತ್ತದೆ. ಎರಡೂ ಆರಿದ ಮೇಲೆ ಹೋಗುತ್ತದೆ. ಇದಕ್ಕೆಲ್ಲ ನಿಯಮವೆಂಬುದು ಒಂದೇ. ಕರೆಯುವುದಕ್ಕೆಂದು ಏನನ್ನೂ ಕೊಳ್ಳಬಾರದು. ಮನೆಯಲ್ಲಿದ್ದುದು, ನೆರೆಯವರಿಂದ ಕಡ ತಂದುದು, ಇವೆರಡರಲ್ಲೇ ಕೆಲಸ ಸಾಗಬೇಕು. ಅಂಗಡಿಯಿಂದ ನೇರವಾಗಿ ಬಂದ ಹೊಸ ಗುಂಡುಸೂಜಿಯೊಂದು ಮನೆಯಲ್ಲಿದ್ದರೂ ದೇಶವು ಮುಖ ತಿರುಗಿಸಿಕೊಂಡು ಹೊರಟುಬಿಡುತ್ತದೆ.

ಊರಿನವರಿಗೆ ಇದು ಸೋಜಿಗವಲ್ಲ. ಅವರ ಚಿಂತೆಗಳೆಲ್ಲ ಸಂಸಾರದ ಚಿಂತೆಗಳು. ಒಂಟೆಯ ದೇಶವನ್ನು ಕರೆದರೆ ಸೊಪ್ಪಿನ ಮಡಿಯನ್ನು ಹೊಸದಾಗಿ ಅಗೆಯಬೇಕಾಗುತ್ತದೆ. ಬೋಗುಣಿಯಲ್ಲಿ ಚಹಾ ಕುಡಿಯುವವರ ದೇಶವನ್ನು ಕರೆದರೆ ಅವರು ಬಾಗಿಲಲ್ಲಿ ಬಗ್ಗಿ ಬಗ್ಗಿ ನಮಸ್ಕರಿಸುತ್ತ ಊಟಕ್ಕೆ ಬಿಡುವುದಿಲ್ಲ. ನಮ್ಮ ನೆರೆಮನೆಯ ಕರಿಯಣ್ಣ, ಮದುವೆ ಮೆರವಣಿಗೆಗಳಲ್ಲಿ ತುತ್ತೂರಿ ಊದುವವನು, ಹೋದ ವರ್ಷ ಮನೆಯ ದಿಂಬುಗಳನ್ನೆಲ್ಲ ಹರಿದು ಹತ್ತಿ ಹರಡಿ ಹಿಮದ ದೇಶವನ್ನು ಕರೆದಿದ್ದ. ಅವನ ಹೆಂಡತಿ ಪುಟ್ಟತಾಯಿ ಕೈ ಒರೆಸಲು ಇಟ್ಟ ಟವಲು ಹೊಸದೆಂಬುದು ಇಬ್ಬರಿಗೂ ಮರೆತಿತ್ತು. "ದೇಶ ಬಾಗಿಲ ತನಕ ಬಂದು ವಾಪಸ್ ಹೋಯ್ತು ಕಣಯ್ಯ," ಎಂದು ಕರಿಯಣ್ಣ ಈಗಲೂ ಕೊರಗುತ್ತಾನೆ. "ಬಿಟ್ಟು ಹೋಗಿದ್ದು ನೆಗಡಿ ಒಂದೇ."

ನಗುವಿಗೆ ಸಿಗದ ಸಂಗತಿಯೂ ಒಂದಿದೆ. ಬಂದ ದೇಶದೊಳಗೆ ಹೆಜ್ಜೆಯಿಡಬಹುದು. ಆದರೆ ಹೊರಗೆ ಹೋದವರ ತಟ್ಟೆ ಅವರು ಮರಳುವ ಮುನ್ನ ಆರಿಹೋದರೆ ಅವರು ಅಲ್ಲಿಯೇ ಉಳಿಯುತ್ತಾರೆ. ಕರಿಯಣ್ಣನ ಚಿಕ್ಕಪ್ಪ ಹೀಗೆಯೇ ಜಿಂಕೆಯೊಂದನ್ನು ಮುಟ್ಟಿಬರಲು ಹೋಗಿ ಬರಲಿಲ್ಲ. ಚಿಕ್ಕಮ್ಮ ಆತನ ತಟ್ಟೆಯನ್ನು ಇಂದಿಗೂ ವಾರಕ್ಕೊಮ್ಮೆ ಹುಣಸೆಹಣ್ಣಿನಿಂದ ತಿಕ್ಕಿ ಗೋಡೆಗೆ ಒರಗಿಸಿಡುತ್ತಾಳೆ. ಅಂದಿನಿಂದ ಊರಿನವರು ಹೊಸ್ತಿಲಾಚೆ ನಾಲ್ಕು ಹೆಜ್ಜೆ ಮೀರಿದ್ದಿಲ್ಲ; ಕೂತು ನೋಡುತ್ತಾರೆ, ಉಣ್ಣುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ.

ನಾನು ಛತ್ರಿ ರಿಪೇರಿ ಮಾಡುವವನು. ಹದಿನಾರನೆಯ ವಯಸ್ಸಿನಿಂದ ಊರೂರು ತಿರುಗಿದವನು. ಅದುವರೆಗೆ ಯಾವ ಊರಿನಲ್ಲೂ ಎರಡನೆಯ ಮಳೆಗಾಲವನ್ನು ಕಂಡಿರಲಿಲ್ಲ. ಈ ಊರಿಗೂ ಒಂದು ಮಳೆಗಾಲದ ಮಟ್ಟಿಗೇ ಬಂದಿದ್ದೆ. ಪೇಟೆಬೀದಿಯ ತಿರುವಿನಲ್ಲಿ ದೇವೀರಮ್ಮ ಹುರಿಗಾಳು ಮಾರುತ್ತಿದ್ದಳು. ದೊಡ್ಡ ಬಾಣಲೆಯಲ್ಲಿ ಕಪ್ಪು ಮರಳನ್ನು ಕಾಯಿಸಿ, ಅದರೊಳಗೆ ಬಟಾಣಿಯನ್ನೂ ಶೇಂಗಾವನ್ನೂ ತಿರುವಿ, ಜರಡಿಯಲ್ಲಿ ಮರಳನ್ನು ಉದುರಿಸಿ, ಬಿಸಿಬಿಸಿಯಾಗಿ ಪೊಟ್ಟಣ ಕಟ್ಟಿ ಕೊಡುವಳು. ಪೊಟ್ಟಣ ಬರುವಷ್ಟರಲ್ಲಿ ನಾನೊಂದು ಕಥೆ ಹೇಳಿದೆ. ಅವಳು ಜರಡಿಯನ್ನು ನಿಲ್ಲಿಸಿ ಕೇಳಿದಳು. ಮರುದಿನ ಇನ್ನೊಂದು ಹೇಳಿದೆ. ಕಡಲಿನ ವಿಷಯವಾಗಿಯಂತೂ ಒಂದು ತಿಂಗಳು ಹೇಳಿದೆ: ಅದರ ನೀಲಿ, ಅದರ ಗರ್ಜನೆ, ಬಿರುಗಾಳಿಗೆ ಎದೆಯೊಡ್ಡಿ ನಿಲ್ಲುವ ಹಡಗಿನ ಯಜಮಾನರು. ಕಡಲನ್ನು ನಾನು ಕಂಡಿರಲಿಲ್ಲ. ನನ್ನ ತಿರುಗಾಟವೆಲ್ಲ ಒಣನೆಲದಲ್ಲೇ ಆಗಿತ್ತು. ಕಡಲಿದ್ದುದು ಬಸ್‌ನಿಲ್ದಾಣಗಳಲ್ಲಿ ರಟ್ಟು ಕಿತ್ತುಹೋಗಿ ಅಗ್ಗಕ್ಕೆ ಸಿಗುತ್ತಿದ್ದ ಕಾದಂಬರಿಗಳಲ್ಲಿ, ಮತ್ತು ಆ ಕಾದಂಬರಿಗಳಿದ್ದುದು ನನ್ನ ತಗಡಿನ ಪೆಟ್ಟಿಗೆಯಲ್ಲಿ. ಮಳೆಗಾಲ ಮುಗಿಯಿತು. ನಾನು ಹೊರಡಲಿಲ್ಲ. ಮಾಘದಲ್ಲಿ ನಮ್ಮ ಮದುವೆಯಾಯಿತು.

ಮದುವೆಯ ಮೊದಲ ವರ್ಷದ ತಿಥಿ ಹತ್ತಿರವಾದಾಗ ನನಗೊಂದು ಭಯ ಹತ್ತಿತು. ಪ್ರತಿ ಮಳೆಗಾಲ ತೀರಿದಾಗಲೂ ನನ್ನ ಅಂಗಾಲುಗಳಲ್ಲಿ ಒಂದು ಬಗೆಯ ತುರಿಕೆ ಏಳುತ್ತಿತ್ತು. ರಸ್ತೆಯನ್ನು ಕಂಡರೆ ಸಾಕು, ಕಾಲು ತಾನಾಗಿ ಹೊರಳುತ್ತಿತ್ತು. ಹಿತ್ತಲಿಗೇ ಒಂದು ದೇಶ ಬಂದು ನಿಂತರೆ ನಾನು ನಾಲ್ಕು ಹೆಜ್ಜೆಗೆ ನಿಲ್ಲುವವನೆ? ಹೋಗಿಬಿಟ್ಟರೆ ನನ್ನ ತಟ್ಟೆಯೂ ಗೋಡೆಗೆ ಒರಗಬೇಕು, ದೇವೀರಮ್ಮ ಅದನ್ನು ತಿಕ್ಕುತ್ತ ಕೂರಬೇಕು. ಆದ್ದರಿಂದ ನಾನು ಯಾರಿಗೂ ತಿಳಿಯದಂತೆ ಒಂದು ಹೊಸ ಬೆಂಕಿಪೊಟ್ಟಣವನ್ನು ತೊಲೆಯ ಸಂದಿನಲ್ಲಿಟ್ಟೆ. ದೇಶ ಬರಲಿಲ್ಲ. ಮರುವರ್ಷ ಹೊಸ ದಾರದ ಉಂಡೆಯೊಂದನ್ನು ಇಟ್ಟೆ. ಆಗಲೂ ಬರಲಿಲ್ಲ. ಎರಡು ಸಲವೂ ದೇವೀರಮ್ಮ ದೀಪ ಆರುವ ತನಕ ಹಿತ್ತಲ ಬದನೆಗಿಡಗಳನ್ನು ನೋಡುತ್ತ ಕೂತು, ಎದ್ದುಹೋಗಿ ನೀರೊಲೆಯ ಮುಂದೆ ಅತ್ತಳು. ಹೊಗೆಯೆಂದು ಹೇಳಿದಳು. ಒಲೆ ಉರಿಯುತ್ತಿರಲಿಲ್ಲ.

ಮೂರನೆಯ ವರ್ಷದ ತಿಥಿಗೆ ಎಂಟು ದಿನ ಇರುವಾಗ ಅವಳು ಬಾಣಲೆಯಿಂದ ತಲೆಯೆತ್ತದೆ ಹೇಳಿದಳು, "ಈ ಸಲ ಕಡಲ ದೇಶ."

"ಕಡಲು ದೊಡ್ಡದು ಕಣೇ. ನಮ್ಮ ಹಿತ್ತಲು ಹತ್ತು ಮಾರಿಲ್ಲ."

"ದೊಡ್ಡದಾದ್ರೆ ಮಡಚ್ಕೊಂಡು ಬರುತ್ತೆ. ಕರೆಯೋದು ನಮ್ಮ ಕೆಲಸ, ಹಿಡಿಸ್ಕೊಳ್ಳೋದು ಅದರ ಕೆಲಸ."

"ಸಾಮಾನು?"

"ಮರಳಿದೆ ಮನೇಲಿ. ಉಪ್ಪಿದೆ. ಹಡಗಿನ ಪಟಕ್ಕೆ ನಿಮ್ಮ ಛತ್ರಿ ಬಟ್ಟೆ ಇದೆ. ಕಡಲಿಗೆ ಇನ್ನೇನು ಬೇಕು?"

"ನೀರು," ಎಂದೆ.

"ಅದೂ ಇದೆ. ಬಾವೀಲಿ."

ಹೀಗೆ ಶುರುವಾದ ಯೋಜನೆ ಎಂಟು ದಿನವೂ ನಮ್ಮಿಬ್ಬರನ್ನು ಬಿಡಲಿಲ್ಲ. ಕಡಲಿನ ವಿಷಯದಲ್ಲಿ ಮನೆಗೆ ನಾನೇ ಪಂಡಿತನಾದ್ದರಿಂದ ಪ್ರತಿಯೊಂದಕ್ಕೂ ನನ್ನ ಅಪ್ಪಣೆ ಬೇಕಿತ್ತು. ಅಡುಗೆಯ ಮಾತು ಬಂದಾಗ ನಾನು ಗಂಭೀರವಾಗಿ, ಹಡಗಿನ ಯಜಮಾನರು ಒಣರೊಟ್ಟಿಯನ್ನೂ ಹಳೆಯ ಗಿಣ್ಣನ್ನೂ ಬೆಳ್ಳಿಯ ಚಾಕುವಿನಿಂದ ಕತ್ತರಿಸಿ ತಿನ್ನುತ್ತಾರೆಂದು ಹೇಳಿದೆ.

"ಗಿಣ್ಣಾ?" ಅವಳು ಜರಡಿಯನ್ನು ಕೆಳಗಿಟ್ಟಳು. "ಹಡಗಲ್ಲಿ ಎಮ್ಮೇನ ಎಲ್ಲಿ ಕಟ್ತಾರೆ?"

ಆ ಪ್ರಶ್ನೆಗೆ ಯಾವ ಕಾದಂಬರಿಯೂ ನನ್ನ ನೆರವಿಗೆ ಬರಲಿಲ್ಲ. ಕೊನೆಗೆ ಅವಳೇ ತೀರ್ಮಾನಿಸಿದಳು: ಕಡಲಿನ ಪಕ್ಕದಲ್ಲಿರುವವರೂ ಅನ್ನವನ್ನೇ ಉಣ್ಣುತ್ತಾರೆ, ಅದಕ್ಕೆ ಹುಳಿ ಜಾಸ್ತಿಯಿರುತ್ತದೆ, ಪುಟ್ಟತಾಯಿಯ ಮನೆಯಲ್ಲಿ ಒಣಮೀನಿದೆ. ಹಾಗೆಯೇ ಪುಟ್ಟತಾಯಿಯ ಮಾಸಿದ ನೀಲಿ ಸೀರೆಯೂ ಕಡವಾಗಿ ಬಂತು, "ಒದ್ದೆ ಮಾಡದೆ ವಾಪಸ್ ಕೊಡ್ಬೇಕು ದೇವೀರಿ" ಎಂಬ ಕರಾರಿನೊಂದಿಗೆ. ಅಲೆಯ ಸದ್ದಿಗೆ ಮೊರದಲ್ಲಿ ಹುರಿದ ಬಟಾಣಿ ಹಾಕಿ ಅತ್ತಿಂದಿತ್ತ ಆಡಿಸುವುದೆಂದಾಯಿತು.

"ಇನ್ನೂ ನಿಧಾನ," ಎಂದೆ. "ಕಡಲಿಗೆ ಇಷ್ಟು ಅವಸರವಿರುವುದಿಲ್ಲ."

"ನೀವೇ ಮಾಡಿ ತೋರ್ಸಿ, ಕಂಡೋರು."

ನಾನು ತೋರಿಸಹೋದೆ. ಬಟಾಣಿಯೆಲ್ಲ ನೆಲಕ್ಕೆ ಸುರಿಯಿತು. ಇಬ್ಬರೂ ಮಂಡಿಯೂರಿ ಆಯುತ್ತ ಅವಳು ನಕ್ಕ ನಗೆಯನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ನನ್ನ ಅಂಗಾಲು ತುರಿಸಿತು. ಆ ಸಂಜೆಯೇ ಪೇಟೆಗೆ ಹೋಗಿ ಒಂದು ಹೊಸ ಸೂಜಿಯನ್ನು ಕೊಂಡು ಅಂಗಿಯ ಕಾಲರಿನ ಅಡಿಗೆ ಚುಚ್ಚಿಕೊಂಡೆ.

ಆದರೆ ಈ ಸಲ ದೇವೀರಮ್ಮ ನನಗೆ ಹೇಳದೆ ಮಲ್ಲಾಜಮ್ಮನನ್ನು ಕರೆದಿದ್ದಳು. ಮಲ್ಲಾಜಮ್ಮ ನಮ್ಮ ಕೇರಿಗೆಲ್ಲ ಹಿರಿಯಳು. ಕಣ್ಣು ಮಂಜಾಗಿದ್ದರೂ ಆಕೆಯ ಮೂಗು ಹೊಸ ವಸ್ತುವನ್ನು ಗೋಡೆಯಾಚೆಯಿಂದ ಹಿಡಿಯಬಲ್ಲದು. ತಿಥಿಯ ದಿನ ಮಧ್ಯಾಹ್ನ ಆಕೆ ಕೋಲೂರಿಕೊಂಡು ಬಂದು, ನೆಲದ ಮೇಲೆ ಹರಡಿದ್ದ ಮರಳನ್ನು ಮೂಸಿದಳು, ಸೀರೆಯನ್ನು ಮೂಸಿದಳು, ನಾನು ಹಗ್ಗಕ್ಕೆ ಇಳಿಬಿಟ್ಟಿದ್ದ ಛತ್ರಿಯ ಬಟ್ಟೆಗಳನ್ನು ಒಂದೊಂದಾಗಿ ಮೂಸಿ, "ಇದು ಪೂಜಾರಪ್ಪನ ಬೆವರು, ಇದು ಮೇಷ್ಟ್ರ ನಶ್ಯ," ಎಂದು ಗುರುತಿಸಿದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು.

"ಏನಯ್ಯ ಛತ್ರಿ, ನಿನ್ನ ಕುತ್ತಿಗೆ ಅಂಗಡಿ ವಾಸನೆ ಹೊಡೀತದಲ್ಲ."

ನಾನು ಹಿಂದಕ್ಕೆ ಸರಿದೆ. ಆಕೆ ಕಾಲರನ್ನು ಹಿಡಿದು ಮಗುಚಿ ಸೂಜಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಬಾಗಿಲಲ್ಲಿ ಕರಿಯಣ್ಣನೂ ಪುಟ್ಟತಾಯಿಯೂ ನಿಂತಿದ್ದರು. ಎಲ್ಲರಿಗಿಂತ ಕಡೆಯಲ್ಲಿ ದೇವೀರಮ್ಮ ಸೂಜಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಬೆಂಕಿಪೊಟ್ಟಣ, ದಾರದ ಉಂಡೆ, ಅಂಗಾಲಿನ ತುರಿಕೆ, ಗೋಡೆಗೆ ಒರಗುವ ತಟ್ಟೆ, ಎಲ್ಲವನ್ನೂ ಹೇಳಿದೆ. ಅಷ್ಟು ನೀರಸವಾಗಿ ನಾನು ಯಾವ ಕಥೆಯನ್ನೂ ಹೇಳಿದವನಲ್ಲ.

"ಎರಡು ವರ್ಷ," ಎಂದಳು ದೇವೀರಮ್ಮ. "ನನ್ನ ಕೈಗುಣವೇ ಸರಿಯಿಲ್ಲ ಅಂದ್ಕೊಂಡು ಎರಡು ವರ್ಷ ಅತ್ತಿದ್ದೀನಿ."

"ಹೋಗಿಬಿಡ್ತೀನೇನೋ ಅಂತ ಭಯ ಕಣೇ."

"ಹೋಗೋ ಕಾಲಾದ್ರೆ ಹೋಗ್ಲಿ! ಸೂಜಿ ಚುಚ್ಚಿ ನಿಲ್ಲಿಸ್ಕೊಂಡಿರೋ ಗಂಡ ಯಾರಿಗೆ ಬೇಕು? ಈ ಊರು ಬಿಟ್ಟು ಒಂದು ಮೈಲಿ ಆಚೆ ನೋಡ್ದೋಳಲ್ಲ ನಾನು. ಇವತ್ತು ಕಡಲು ನನ್ನ ಬಾಗಿಲಿಗೆ ಬರಲೇಬೇಕು. ಬರ್ಲಿಲ್ಲ ಅಂದ್ರೆ ನಿಮ್ಮ ಪೆಟ್ಟಿಗೆ ಬೀದೀಲಿರುತ್ತೆ, ನೀವು ಅದರ ಮೇಲೆ ಕೂತಿರ್ತೀರಿ."

"ಬಾಯಿ ಮುಚ್ಚೇ," ಎಂದಳು ಮಲ್ಲಾಜಮ್ಮ. "ಪೆಟ್ಟಿಗೆ ಯಾಕೆ ಹೊರಗೆ ಹಾಕ್ತಿ? ಕರಿಯಣ್ಣ, ಹೋಗಿ ನಿಮ್ಮ ಬಾವಿ ಹಗ್ಗ ತಗೊಂಬಾ. ಹೊಸದಲ್ಲ ತಾನೇ?"

"ನಮ್ಮಪ್ಪನ ಕಾಲದ್ದು ಅಜ್ಜಿ."

ಹೀಗೆ ಊರಿನ ಜಾಣ್ಮೆಯೆಲ್ಲ ಒಂದುಗೂಡಿ ನನ್ನ ಎಡಗಾಲನ್ನು ನೆಲದಲ್ಲಿ ಹುಗಿದ ಒರಳುಕಲ್ಲಿಗೆ ಕಟ್ಟಿತು. ಕರಿಯಣ್ಣ ಮೂರು ಗಂಟು ಹಾಕಿದ, ಪುಟ್ಟತಾಯಿ ಎಳೆದು ನೋಡಿ ನಾಲ್ಕನೆಯದನ್ನು ಸೇರಿಸಿದಳು. "ಇನ್ನು ಯಾವ ದೇಶ ಬಂದ್ರೂ ನಿನ್ನ ಗಂಡ ಎಲ್ಲೂ ಹೋಗಲ್ಲ," ಎಂದು ಮಲ್ಲಾಜಮ್ಮ ಸೂಜಿಯನ್ನು ತನ್ನ ಸೆರಗಿಗೆ ಸಿಕ್ಕಿಸಿಕೊಂಡು ಎಲ್ಲರನ್ನೂ ಹೊರಡಿಸಿದಳು. ದೇವೀರಮ್ಮ ಒಲೆ ಹೊತ್ತಿಸಿದಳು.

ಬಿಸಿ ಅನ್ನ, ಹುಳಿ ಹೆಚ್ಚಿಸಿದ ಒಣಮೀನಿನ ಸಾರು. ಗೋಡೆಯುದ್ದಕ್ಕೆ ನೀಲಿ ಸೀರೆ, ಅದರ ಕೆಳಗೆ ಮರಳು, ಮರಳಿನ ಅಂಚಿಗೆ ಉಪ್ಪುನೀರಿನ ಕೊಪ್ಪರಿಗೆ. ಹೊಸ್ತಿಲಿನ ಒಳಬದಿಗೆ ನಾವಿಬ್ಬರೂ ಎದುರುಬದುರಾಗಿ ಕೂತೆವು. ಅವಳು ದೀಪ ಹಚ್ಚಿ, ಮೊರವನ್ನು ಎತ್ತಿಕೊಂಡು ನಿಧಾನವಾಗಿ ಆಡಿಸತೊಡಗಿದಳು. ಬಟಾಣಿಗಳು ಒಮ್ಮೆ ಆ ಕಡೆಗೆ ಹೋದವು, ಒಮ್ಮೆ ಈ ಕಡೆಗೆ ಬಂದವು. ಮೂರನೆಯ ಸಲಕ್ಕೆ ಸದ್ದು ಮೊರದಿಂದ ಬರುತ್ತಿರಲಿಲ್ಲ.

ಬದನೆಗಿಡಗಳು ತಲೆ ತಗ್ಗಿಸಿ ಎರಡೂ ಪಕ್ಕಕ್ಕೆ ಸರಿದವು. ಕಾಂಪೌಂಡಿನ ಗೋಡೆ ಚಾಪೆಯಂತೆ ಮಲಗಿತು. ಅದರಾಚೆಗೆ ಕೊನೆಯಿಲ್ಲದಷ್ಟು ನೀರು ಬಂದು ನಿಂತಿತು. ಬಂದ ದೇಶ ಕರೆದ ಮನೆಯ ಗುರುತು ಹೊತ್ತೇ ಬರುತ್ತದೆಂದು ಕೇಳಿದ್ದೆ, ಅದು ನಿಜ. ದಡದ ಮರಳು ಕಪ್ಪಾಗಿತ್ತು, ಗಾಳಿಯಲ್ಲಿ ಹುರಿದ ಶೇಂಗಾದ ಪರಿಮಳವಿತ್ತು, ತೀರಕ್ಕೆ ತಾಗಿ ನಿಂತ ದೋಣಿಗಳ ಪಟಗಳೆಲ್ಲ ಛತ್ರಿಯ ಬಟ್ಟೆಯವು, ಒಂದರ ಮೇಲೆ ನಾನೇ ಹಾಕಿದ ಕಂದು ತೇಪೆಯೂ ಕಾಣುತ್ತಿತ್ತು. ಉಳಿದುದರಲ್ಲಿ ಯಾವುದೂ ನನ್ನ ಕಥೆಗಳದಾಗಿರಲಿಲ್ಲ. ನಾನು ತಿಂಗಳಿಡೀ ವರ್ಣಿಸಿದ್ದ ಕಡಲು ಗೋಡೆಗೆ ತೂಗುಹಾಕಿದ ಚಿತ್ರದಂಥದು, ಇದು ಉಸಿರಾಡುತ್ತಿತ್ತು. ಅದು ಉಸಿರನ್ನು ಒಳಗೆ ಎಳೆದುಕೊಂಡಾಗ, ಕಾಲಿಗೆ ಕಟ್ಟಿದ ಹಗ್ಗವನ್ನು ನಾನೇ ಎರಡು ಕೈಯಿಂದ ಹಿಡಿದುಕೊಂಡೆ.

ದೇವೀರಮ್ಮ ಮೊರವನ್ನು ಕೆಳಗಿಟ್ಟಳು. ಆಮೇಲೆ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಪೊಟ್ಟಣ ಬಟಾಣಿಯನ್ನು ಮಡಿಲಿಗೆ ಹಾಕಿಕೊಂಡು, ತನ್ನ ತಟ್ಟೆಯನ್ನು ನನ್ನ ಕೈಗಿತ್ತಳು.

"ಇದನ್ನ ಸ್ವಲ್ಪ ನೋಡ್ಕೊಳ್ಳಿ. ಬಂದೆ."

ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ತರಲು ಹೋಗುವವಳ ಧ್ವನಿಯದು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲು ದಾಟಿದ್ದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕರಲ್ಲಿ ನಿಲ್ಲುತ್ತಾಳೆಂದುಕೊಂಡೆ. ಐದನೆಯ ಹೆಜ್ಜೆಯನ್ನೂ ಇಟ್ಟಳು. ಅಲ್ಲಿಂದ ಮುಂದಕ್ಕೆ ಎಣಿಸುವುದು ನನ್ನಿಂದಾಗಲಿಲ್ಲ. ಕಂದು ತೇಪೆಯ ದೋಣಿಯವನೊಡನೆ ಏನೋ ಮಾತಾಡಿದಳು. ಅವನು ಕೈ ನೀಡಿದ. ಅವಳು ಹತ್ತಿ ಕೂತಳು. ದೋಣಿ ಹೊರಟಿತು.

"ದೇವೀರೀ!" ಎಂದು ಕೂಗಿದೆ. ಅವಳು ತಿರುಗಿ ಕೈಬೀಸಿದಳು. ನಾನು ಕೂಗಿದ್ದು ಬೀಳ್ಕೊಡುವುದಕ್ಕೆಂದು ತಿಳಿದಳೋ ಏನೋ.

ಕಟ್ಟಬೇಕಾದವರನ್ನು ಬಿಟ್ಟು ಇನ್ನೊಬ್ಬರನ್ನು ಕಟ್ಟಿದ್ದೆವು. ಇಡೀ ಕೇರಿಯಲ್ಲಿ ಒಬ್ಬರಿಗಾದರೂ, ನನಗಾದರೂ, ಅವಳ ಕಾಲಿನ ಕಡೆಗೆ ನೋಡಬೇಕೆಂದು ಹೊಳೆದಿರಲಿಲ್ಲ. ನಾನು ಛತ್ರಿ ಬಟ್ಟೆ ಕೊಯ್ಯಲು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಕತ್ತಿಯನ್ನು ತೆಗೆದು, ಕರಿಯಣ್ಣನ ಅಪ್ಪನ ಕಾಲದ ಹಗ್ಗವನ್ನು ಕೊಯ್ದು ಎದ್ದೆ. ಹೊಸ್ತಿಲಿಗೆ ಎರಡೇ ಹೆಜ್ಜೆ. ತೀರದಲ್ಲಿ ಇನ್ನೂ ಮೂರು ದೋಣಿಗಳಿದ್ದವು. ಗಾಳಿ ಮುಖಕ್ಕೆ ಬಡಿಯಿತು; ಹದಿನಾರನೆಯ ವಯಸ್ಸಿನಿಂದ ನಾನು ಹುಡುಕಿದ್ದೆಲ್ಲ ಆ ಗಾಳಿಯಲ್ಲಿತ್ತು. ಎಡಗಾಲನ್ನು ಹೊಸ್ತಿಲ ಮೇಲಿಟ್ಟೆ. ಕೈಯಲ್ಲಿ ತಟ್ಟೆಯಿತ್ತು. ಅದರ ತಳಕ್ಕೆ ಬೆರಳೊತ್ತಿ ನೋಡಿದೆ. ಬೆಚ್ಚಗಿತ್ತು, ಬಿಸಿಯಿರಲಿಲ್ಲ.

ಒಳಕ್ಕೆ ಓಡಿದೆ.

ಒಲೆಯಲ್ಲಿ ಬರೀ ಕೆಂಡ. ಅಡುಗೆಗೆ ಸಾಕಾಗುವಷ್ಟೇ ಸೌದೆಯಿತ್ತು, ಅಡುಗೆ ಮುಗಿದಿತ್ತು. ಹೊರಗೆ ಹೋಗಿ ಕೊಂಡು ತರುವಂತಿಲ್ಲ, ನೆರೆಮನೆಯಿಂದ ಕಡ ತರುವಷ್ಟರಲ್ಲಿ ತಟ್ಟೆ ಆರಿಹೋಗುತ್ತದೆ. ಹುರಿಯುವ ಮರಳು ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆಂದು ನೆನಪಾಗಿ, ನೆಲದ ಮೇಲಿನ ಮರಳನ್ನು ಒಂದು ಬೊಗಸೆ ಬಾಚಿ ಬಾಣಲೆಗೆ ಹಾಕಿದೆ. ಹೊರಗೆ ದಡದ ಒಂದು ಮೂಲೆ ತೆಂಗಿನಮರವೊಂದರ ಸಮೇತ ಮಾಯವಾಯಿತು. ಗಾಬರಿಯಾಗಿ ಮರಳನ್ನು ಇದ್ದಲ್ಲಿಗೇ ಸುರಿದೆ. ತೆಂಗಿನಮರ ಬಂದು ನಿಂತಿತು, ಸ್ವಲ್ಪ ವಾರೆಯಾಗಿ.

ಒಂದು ಪಾತ್ರೆಯಲ್ಲಿ ನೀರಿಟ್ಟು ಅದರ ಬಾಯ ಮೇಲೆ ತಟ್ಟೆಯನ್ನು ಕೂರಿಸಿ, ಮೇಲೊಂದು ಖಾಲಿ ತಟ್ಟೆ ಮುಚ್ಚಿದೆ. ಈ ಉಪಾಯ ನನ್ನದಲ್ಲ. ನಾನು ತಡವಾಗಿ ಮನೆಗೆ ಬಂದ ದಿನಗಳಲ್ಲಿ ನನ್ನ ಊಟ ಹೀಗೆಯೇ ಪಾತ್ರೆಯ ಬಾಯ ಮೇಲೆ ಕೂತಿರುತ್ತಿತ್ತು. ಮೂರು ವರ್ಷವೂ ನಾನು ಅದು ತಾನಾಗಿಯೇ ಬಿಸಿಯಾಗಿರುತ್ತದೆಂದು ನಂಬಿದ್ದೆ. ಈಗ ತಿಳಿಯಿತು: ನೀರು ಬತ್ತುತ್ತದೆ, ಬೆಂಕಿ ಕುಗ್ಗುತ್ತದೆ, ಊದದಿದ್ದರೆ ಹೊಗೆ ಕಣ್ಣಿಗೆ ಬರುತ್ತದೆ, ಊದಿದರೆ ಬೂದಿ ಬಾಯಿಗೆ ಬರುತ್ತದೆ. ಎದ್ದು ಬಾಗಿಲನ್ನು ನೋಡಿಬರುವಷ್ಟರಲ್ಲಿ ಕೆಂಡ ಕಪ್ಪಾಗಿರುತ್ತದೆ. ದೋಣಿ ದೂರದಲ್ಲಿ ಬಟಾಣಿಯಷ್ಟಾಗಿತ್ತು.

ಮೊದಲು ರಿಪೇರಿಗೆ ಬಂದಿದ್ದ ಛತ್ರಿಗಳ ಹಿಡಿಗಳನ್ನು ಒಲೆಗೆ ಹಾಕಿದೆ. ಬೆತ್ತದವು ಚೆನ್ನಾಗಿ ಉರಿದವು; ಮೇಷ್ಟ್ರ ಛತ್ರಿಯದು ಬಣ್ಣ ಬಳಿದ ಹಿಡಿಯಾದ್ದರಿಂದ ಹಸಿರು ಹೊಗೆ ಬಿಟ್ಟಿತು. ಆಮೇಲೆ ನಾನು ಕೂರುತ್ತಿದ್ದ ಮಣೆಯನ್ನು ಸೀಳಿದೆ. ಆಮೇಲೆ ತಗಡಿನ ಪೆಟ್ಟಿಗೆಯನ್ನು ತೆರೆದೆ. ಹಡಗಿನ ಯಜಮಾನರೂ ಗೂಢಚಾರರೂ ರಾಜಕುಮಾರಿಯರೂ ಒಬ್ಬೊಬ್ಬರಾಗಿ ಒಲೆಗೆ ಇಳಿದರು. ಕಾದಂಬರಿಗಳು ಭುಗಿಲ್ಲೆಂದು ಹತ್ತಿಕೊಂಡು ಕ್ಷಣದಲ್ಲಿ ತೀರಿಹೋದವು; ಓದುವಾಗಲೂ ಅವುಗಳ ಸ್ವಭಾವ ಅದೇ ಆಗಿತ್ತು. ಕೊನೆಯದರ ರಟ್ಟು ಉರಿದು ಬಾಗುತ್ತಿರುವಾಗ ತಟ್ಟೆಯನ್ನು ಮುಟ್ಟಿ ನೋಡಿದೆ. ಬೆರಳು ಸುಟ್ಟಿತು. ಆ ಉರಿಯಷ್ಟು ಸುಖವನ್ನು ನಾನು ಬೇರಾವ ಊರಿನಲ್ಲೂ ಅನುಭವಿಸಿದವನಲ್ಲ.

ಇನ್ನು ಸುಡುವುದಕ್ಕೆ ಏನೂ ಇರಲಿಲ್ಲ. ಬಾಗಿಲನ್ನೇ ಕೀಳುವುದೆಂದು ಕೊಡಲಿ ಹುಡುಕುತ್ತಿದ್ದೆ. ದೇಶ ಬಂದಿದ್ದುದು ಆ ಬಾಗಿಲಿಗೇ ಎಂಬುದು ಹೊಳೆಯಲಿಲ್ಲ. ಅಷ್ಟರಲ್ಲಿ ಮರಳು ಕರಕರ ಎಂದಿತು. ದೇವೀರಮ್ಮ ಹೊಸ್ತಿಲು ದಾಟಿ ಒಳಕ್ಕೆ ಬಂದಳು. ಮಂಡಿಯ ತನಕ ಒದ್ದೆ, ಕೂದಲೆಲ್ಲ ಕೆದರಿ ಉಪ್ಪಾಗಿತ್ತು. ಗೋಡೆಯ ಮೇಲಿದ್ದ ಪುಟ್ಟತಾಯಿಯ ಸೀರೆಯೂ ಅದೇಕೋ ಮಂಡಿಯಷ್ಟು ಎತ್ತರಕ್ಕೆ ಒದ್ದೆಯಾಗಿತ್ತು.

"ಹೊಟ್ಟೆ ಚುರುಗುಟ್ತಿದೆ. ಎಲ್ಲಿ ತಟ್ಟೆ?"

ಕೊಟ್ಟೆ. ಮೊದಲ ತುತ್ತಿಗೇ "ಹಾ, ಬಿಸಿ!" ಎಂದು ಬಾಯಲ್ಲಿ ಗಾಳಿ ಎಳೆದುಕೊಂಡಳು. ನಾನು ಎದುರಿಗೆ ಕೂತು ನನ್ನ ತಟ್ಟೆಯನ್ನು ಎಳೆದುಕೊಂಡೆ. ಅದು ಯಾವಾಗಲೋ ತಣ್ಣಗಾಗಿ ಸಾರು ಕೆನೆಗಟ್ಟಿತ್ತು. ನಾಲ್ಕಾರು ತುತ್ತು ಇಳಿದ ಮೇಲೆ ಅವಳು ಒಲೆಯ ಕಡೆಗೆ ನೋಡಿದಳು.

"ಅದು ಮೇಷ್ಟ್ರ ಛತ್ರಿ ಹಿಡಿ ಅಲ್ವೇನ್ರೀ?"

"ಹೌದು."

"ಮಣೆ?"

"ಅದೂ."

ಅವಳ ದೃಷ್ಟಿ ಕೊಯ್ದುಬಿದ್ದ ಹಗ್ಗದ ಮೇಲೆ ನಿಂತಿತು. ಕೊಯ್ದ ತುದಿಯನ್ನು ಎತ್ತಿ ನೋಡಿದಳು, ಹೊಸ್ತಿಲನ್ನು ನೋಡಿದಳು, ನನ್ನ ಬೂದಿ ಮೆತ್ತಿದ ಮುಖವನ್ನು ನೋಡಿದಳು. ತನ್ನ ತಟ್ಟೆಯ ಬಿಸಿ ಅನ್ನದಲ್ಲಿ ಅರ್ಧವನ್ನು ನನ್ನ ತಟ್ಟೆಗೆ ದೂಡಿದಳು.

ಇಬ್ಬರೂ ಉಂಡು ಮುಗಿಸಿದೆವು. ಖಾಲಿ ತಟ್ಟೆಗಳು ಆರಿದವು, ಕಡಲು ತನ್ನ ನೀರನ್ನೆಲ್ಲ ಒಟ್ಟುಮಾಡಿಕೊಂಡು ಹಿಂದಕ್ಕೆ ಸರಿಯಿತು, ಬದನೆಗಿಡಗಳು ನೆಟ್ಟಗಾದವು.

"ನೀವು ಹೇಳಿದ ಹಾಗೆ ಇಲ್ಲ ರೀ ಅದು," ಎಂದಳು ದೇವೀರಮ್ಮ. "ನೀಲಿ ಇಲ್ಲವೇ ಇಲ್ಲ. ಕುದಿಯೋಕೆ ಮುಂಚೆ ರಾಗಿ ಗಂಜಿ ಇರುತ್ತಲ್ಲ, ಹಂಗಿದೆ."

"ನಾನು ಕಡಲು ನೋಡಿಲ್ಲ ಕಣೇ. ಇವತ್ತೇ ಮೊದಲು."

ಅವಳು ಕೈ ತೊಳೆಯುತ್ತಿದ್ದವಳು ನಿಲ್ಲಿಸಿದಳು. "ಮತ್ತೆ ಅಷ್ಟೆಲ್ಲ ಹೇಳಿದ್ದು?"

"ಪುಸ್ತಕದಲ್ಲಿ ಓದಿದ್ದು."

"ಎಲ್ಲಿ ಆ ಪುಸ್ತಕ?"

ಒಲೆಯ ಬೂದಿಯನ್ನು ತೋರಿಸಿದೆ.

"ಒಳ್ಳೇದಾಯ್ತು," ಎಂದು ಅವಳು ಕೈ ಒರೆಸಿಕೊಂಡು ಗೋಡೆಗೆ ಒರಗಿ ಕೂತಳು. "ಈಗ ನಾನು ಹೇಳ್ತೀನಿ ಕೇಳಿ."

ಅವಳ ಕಥೆಯಲ್ಲಿ ಬಿರುಗಾಳಿಯಿರಲಿಲ್ಲ, ಯಜಮಾನರಿರಲಿಲ್ಲ. ಒಂದು ದ್ವೀಪ, ಅಲ್ಲೊಂದು ಬಾವಿ, ಕಡಲಿನ ನಡುವೆಯಿದ್ದರೂ ಅದರ ನೀರು ಸಿಹಿ. ಬಾವಿಯ ಸರದಿಗಾಗಿ ಇಬ್ಬರು ಹೆಂಗಸರು ಜಗಳವಾಡುತ್ತಿದ್ದರಂತೆ. ಅವರ ಭಾಷೆ ತಿಳಿಯದಿದ್ದರೂ ತಪ್ಪು ಯಾರದೆಂದು ಇವಳಿಗೆ ತಿಳಿಯಿತಂತೆ. ಮಡಿಲ ಬಟಾಣಿಯನ್ನು ಇಬ್ಬರಿಗೂ ಹಂಚಿದಾಗ ಜಗಳ ನಿಂತಿತು. ಹೆಸರು ಕೇಳಿದರು. "ದೇವೀರಮ್ಮ ಅಂದೆ. ಅಷ್ಟೇ. ಹುರಿಗಾಳು ದೇವೀರಿ ಅಂತ ಯಾರೂ ಅನ್ಲಿಲ್ಲ," ಎನ್ನುವಾಗ ಅವಳ ಧ್ವನಿ ಇಳಿಯಿತು. ಎಲ್ಲಿಂದ ಬಂದೆಯೆಂದು ಕೈಸನ್ನೆಯಲ್ಲಿ ಕೇಳಿದರಂತೆ. ಇವಳು ನಮ್ಮ ಕೇರಿಯನ್ನು, ಹಿತ್ತಲಿಗೆ ಬರುವ ದೇಶಗಳನ್ನು, ಒರಳಿಗೆ ಕಟ್ಟಿದ ಗಂಡನನ್ನು ಕೈಸನ್ನೆಯಲ್ಲೇ ವಿವರಿಸಿದಳಂತೆ.

"ನಂಬಿದರಾ?"

"ಎಲ್ಲಿ ನಂಬ್ತಾರೆ? ಗಂಡ ತಟ್ಟೆ ಹಿಡ್ಕೊಂಡು ಕೂತಿದ್ದ ಅಂದಾಗ್ಲಂತೂ ಬಿದ್ದು ಬಿದ್ದು ನಕ್ಕರು."

ಮರುದಿನ ಬೆಳಗ್ಗೆ ಮಲ್ಲಾಜಮ್ಮ ಬಂದವಳು ಬಾಗಿಲಲ್ಲೇ ಮೂಗರಳಿಸಿ, ಕೊಯ್ದ ಹಗ್ಗವನ್ನು ಕೋಲಿನಿಂದ ತಿವಿದು, "ನಾನು ಹೇಳ್ಲಿಲ್ವಾ? ಹೋಗೋಕೆ ನೋಡಿದ್ದಾನೆ," ಎಂದಳು.

"ಹೋಗಿದ್ದು ನಾನು ಅಜ್ಜಿ," ಎಂದಳು ದೇವೀರಮ್ಮ, ಬಾಣಲೆಗೆ ಮರಳನ್ನು ತುಂಬುತ್ತ. "ದೋಣಿ ಹತ್ತಿ."

ಸುದ್ದಿ ಕೇರಿಯನ್ನು ಸುತ್ತಿಬರಲು ಒಂದು ಪಾವು ಬಟಾಣಿ ಹುರಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಹೆಂಗಸರೆಲ್ಲ ಅವಳ ಬಾಣಲೆಯ ಸುತ್ತ ಸೇರಿದರು. ಪೊಟ್ಟಣ ಕೇಳಿದವರು ಯಾರೂ ಇರಲಿಲ್ಲ. ಗಂಡಸರು ತಮ್ಮ ತಮ್ಮ ಜಗಲಿಗಳಲ್ಲಿ ಸದ್ದಿಲ್ಲದೆ ಕೂತರು. ಮೇಷ್ಟ್ರಿಗೆ ಹಿಡಿಯಿಲ್ಲದ ಛತ್ರಿಯನ್ನು ಒಪ್ಪಿಸಿ ನಾನು ಬೈಸಿಕೊಂಡು ಬರುವಷ್ಟರಲ್ಲಿ ಕರಿಯಣ್ಣ ಎರಡು ತುಂಡಾದ ಹಗ್ಗವನ್ನು ಕಂಕುಳಲ್ಲಿ ಇರಿಸಿಕೊಂಡು ನಮ್ಮ ಅಡುಗೆಮನೆಯಲ್ಲಿ ಕಾದಿದ್ದ. ಅವರ ಮದುವೆಯ ತಿಥಿಗೆ ಇಪ್ಪತ್ತು ದಿನವಿತ್ತು.

"ಛತ್ರಿ," ಎಂದು ಧ್ವನಿ ತಗ್ಗಿಸಿದ. "ತಟ್ಟೆ ಪಾತ್ರೆ ಬಾಯ ಮೇಲಿಡ್ಬೇಕಾ, ಒಳಗಾ?"

"ಮೇಲೆ. ನೀರು ಅರ್ಧಕ್ಕಿಂತ ಇಳೀಬಾರದು. ಬೆಂಕಿ ನೋಡ್ಕೋಬೇಕು."

ಕರಿಯಣ್ಣ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆಯನ್ನು ಎತ್ತಿಕೊಂಡ. ಮೂವತ್ತು ವರ್ಷ ತುತ್ತೂರಿ ಊದಿದ ಕೆನ್ನೆಗಳವು. ಒಂದೇ ಉಸಿರಿಗೆ ಒಲೆಯ ಬೂದಿಯೆಲ್ಲ ಎದ್ದು ನಮ್ಮಿಬ್ಬರ ಮುಖಕ್ಕೂ ಬಿತ್ತು. ಕಣ್ಣುಜ್ಜಿಕೊಂಡು ನೋಡಿದಾಗ ಬಾಗಿಲಲ್ಲಿ ಪುಟ್ಟತಾಯಿ ನಿಂತಿದ್ದಳು. ಗಂಡನ ಹಳೆಯ ಚಪ್ಪಲಿಗಳನ್ನು ಮೆಟ್ಟಿ, ಅವು ಕಾಲಿನಿಂದ ಜಾರದಂತೆ ಬಟ್ಟೆಯ ಚೂರುಗಳಿಂದ ಬಿಗಿದುಕೊಂಡು, ಅಂಗಳದಲ್ಲಿ ಅತ್ತಿಂದಿತ್ತ ನಡೆದು ನೋಡಿ ಬಂದವಳಂತೆ ಕಂಡಳು.

"ಸರಿಯಾಗಿ ಕಲ್ತ್ಕೊಳ್ಳಿ," ಎಂದಳು ಗಂಡನಿಗೆ. "ನಾನು ದೇವೀರಿ ಥರ ಬೇಗ ಬರೋಳಲ್ಲ."